ಹಿಮದ ಸೈಕಲ್ಲಿನ ಚೈನಿಗೆ ಹೊದಿಕೆ: ಎಷ್ಟು ಬಾಳುತ್ತದೆ, ಎಷ್ಟು ಖರ್ಚು?

ಓದುಗರ ಪ್ರಶ್ನೆಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇದ್ದವು. ಹಿಮದಲ್ಲಿ ಓಡಿಸುವ ದಪ್ಪ ಟೈರಿನ ಸೈಕಲ್ಲಿನ ಚೈನು, ಹಲ್ಲುಚಕ್ರಗಳಿಗೆ ಹೊದಿಕೆ ಹಾಕಿಸಿದರೆ ಅದು ಎಷ್ಟು ಚಳಿಗಾಲ ತಡೆಯುತ್ತದೆ, ಕೊಟ್ಟ ಹಣ ಮರಳಿ ಬರುತ್ತದೆಯೇ ಎಂಬುದು ಎಲ್ಲರ ಪ್ರಶ್ನೆ. ಅಮೆರಿಕದ ಮಿನೆಸೋಟದಲ್ಲಿ ಹನ್ನೊಂದು ಚಳಿಗಾಲ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಿ ಬಂದವನು ನಾನು. ಆದ್ದರಿಂದ ಈ ಬಾರಿಯ ಪುಟಗಳನ್ನು ಪೂರ್ತಿಯಾಗಿ ಈ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಮಿನಿಯಾಪೊಲಿಸ್‌ನಲ್ಲಿದ್ದೇನೆ. ನವೆಂಬರಿನಿಂದ ಮಾರ್ಚ್‌ವರೆಗೂ ದಿನಕ್ಕೆ 16 ಕಿ.ಮೀ. ಸೈಕಲ್ ತುಳಿಯುತ್ತೇನೆ. ಟೈರು 3.8 ಇಂಚು, ಹಿಂದಿನ ಚಕ್ರದ ನಡುಗುಂಬದ, ಅಂದರೆ ಹಬ್ಬಿನ, ಒಳಗೇ ಎಂಟು ಗೇರು, ಪೆಡಲಿನ ಬಳಿಯ ಮುಂದಿನ ಹಲ್ಲುಚಕ್ರಕ್ಕೆ 38 ಹಲ್ಲು. ಪ್ರತಿ ಚಳಿಗಾಲಕ್ಕೆ ತಲಾ 20 ಡಾಲರಿನ ಎರಡು ಚೈನು, 15 ಡಾಲರಿನ ಒಂದು ಹಿಂದಿನ ಹಲ್ಲುಚಕ್ರ ತುಕ್ಕಿಗೆ ಹೋಗುತ್ತಿವೆ. ಚೈನನ್ನು ಪೂರ್ತಿ ಮುಚ್ಚುವ ಪ್ಲಾಸ್ಟಿಕ್ ಹೊದಿಕೆಗೆ ಅಂಗಡಿಯವರು 65 ಡಾಲರ್ ಹೇಳುತ್ತಿದ್ದಾರೆ. ಹಾಕಿಸಲೇ?

ಉತ್ತರ: ಹಾಕಿಸಬಹುದು, ಆದರೆ ಎರಡು ಸಂಗತಿಗಳನ್ನು ಅಳೆದು ನೋಡಿದ ಮೇಲೆ. ಅದಕ್ಕೂ ಮೊದಲು ನಿಮ್ಮ ಚೈನನ್ನು ತಿನ್ನುತ್ತಿರುವುದು ಹಿಮವಲ್ಲ, ರಸ್ತೆಗೆ ಸುರಿಯುವ ಉಪ್ಪು ಎಂಬುದನ್ನು ಗಮನಿಸಿ. ಅಡುಗೆಯ ಉಪ್ಪಿನ ಜಾತಿಯದೇ ಆದ ಸೋಡಿಯಂ ಕ್ಲೋರೈಡ್ ಸುಮಾರು ಮೈನಸ್ 9 ಡಿಗ್ರಿಯಿಂದ ಕೆಳಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲವಾದ್ದರಿಂದ, ಹೆಚ್ಚು ಚಳಿಯ ದಿನಗಳಲ್ಲಿ ಮೆಗ್ನೀಸಿಯಂ ಕ್ಲೋರೈಡನ್ನೋ ಕ್ಯಾಲ್ಸಿಯಂ ಕ್ಲೋರೈಡನ್ನೋ ಬೆರೆಸಿ ಹಾಕುತ್ತಾರೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಆಷಾಢದ ಮಳೆಗೆ ಮರಿಗೆಯಲ್ಲಿಟ್ಟ ಹರಳುಪ್ಪು ನೀರೊಡೆಯುವುದನ್ನು ನೀವು ನೋಡಿರಬಹುದು. ಹಾಗೆ ನೀರೊಡೆಯಲು ಮುಖ್ಯ ಕಾರಣ ಸಮುದ್ರದ ಉಪ್ಪಿನಲ್ಲಿ ಅಲ್ಪ ಪ್ರಮಾಣದಲ್ಲಿರುವ ಇದೇ ಮೆಗ್ನೀಸಿಯಂ ಕ್ಲೋರೈಡ್. ಗಾಳಿಯಲ್ಲಿ ಮೂರನೇ ಒಂದು ಭಾಗದಷ್ಟು ತೇವವಿದ್ದರೂ ಸಾಕು, ಅದು ನೀರನ್ನು ಎಳೆದುಕೊಂಡು ಕರಗುತ್ತದೆ. ಸೈಕಲನ್ನು ಒಳಗೆ ತಂದು, ಒರೆಸಿ, ಒಣಗಿತೆಂದು ನೀವು ನಂಬಿಕೊಂಡಿದ್ದರೂ ಚೈನಿನ ಪಿನ್ನು ಮತ್ತು ರೋಲರುಗಳ ನಡುವೆ ಹೊಕ್ಕ ಉಪ್ಪುನೀರು ಒಣಗಿರುವುದಿಲ್ಲ.

ಹೊದಿಕೆಯ ಕೆಲಸ ಈ ಉಪ್ಪುನೀರು ಚೈನಿಗೆ ಸಿಡಿಯದಂತೆ ತಡೆಯುವುದು. ನಿಮ್ಮದು ಹಬ್ಬಿನೊಳಗೆ ಗೇರಿರುವ ಸೈಕಲ್ ಆದ್ದರಿಂದ ಚೈನು ಅತ್ತಿತ್ತ ಸರಿಯದೆ ಒಂದೇ ಗೆರೆಯಲ್ಲಿ ಓಡುತ್ತದೆ, ಮತ್ತು ಪೂರ್ತಿ ಮುಚ್ಚುವ ಹೊದಿಕೆ ಕೂರುವುದು ಅಂಥ ಸೈಕಲ್ಲಿಗೆ ಮಾತ್ರ. ಜರ್ಮನಿಯ ಬೀಲೆಫೆಲ್ಡ್ ಊರಿನ ಹೇಬಿ ಕಂಪನಿಯ ಚೈನ್‌ಗ್ಲೈಡರ್ ಈ ಜಾತಿಯ ಹೊದಿಕೆಗಳಲ್ಲಿ ಹೆಸರಾದದ್ದು. ಅದನ್ನು ಫ್ರೇಮಿಗೆ ಬಿಗಿಯುವುದಿಲ್ಲ, ಅದು ಚೈನಿನ ಮೇಲೆಯೇ ಕುಳಿತು ತೇಲುತ್ತದೆ. ಮುಂದಿನ ಚಕ್ರಕ್ಕೆ 38 ಮತ್ತು ಅದಕ್ಕಿಂತ ಹೆಚ್ಚಿನ ಕೆಲವು ನಿಗದಿತ ಹಲ್ಲುಗಳ ಅಳತೆಗಷ್ಟೇ ಅದು ಸಿಗುವುದರಿಂದ, ನಿಮ್ಮ 38 ಹಲ್ಲು ಅದೃಷ್ಟದ ಸಂಖ್ಯೆಯೆಂದೇ ಹೇಳಬೇಕು. ಇಂಥ ಹೊದಿಕೆಯನ್ನು ಕೊಳ್ಳುವಾಗ ಮುಂದಿನ ಚಕ್ರದ ಹಲ್ಲನ್ನೂ ಹಿಂದಿನ ಚಕ್ರದ ಹಲ್ಲನ್ನೂ ಎಣಿಸಿಕೊಂಡೇ ಅಂಗಡಿಗೆ ಹೋಗಿ.

ಎರಡನೆಯ ಅಳತೆ ಟೈರಿಗೆ ಸಂಬಂಧಿಸಿದ್ದು. 3.8 ಇಂಚಿನ ಟೈರೆಂದರೆ ಸುಮಾರು 96 ಮಿ.ಮೀ. ಅಗಲ, ಅಂದರೆ ಸೈಕಲ್ಲಿನ ನಡುಗೆರೆಯಿಂದ ಪ್ರತಿ ಬದಿಗೆ 48 ಮಿ.ಮೀ. ನಿಮ್ಮ ಚೈನು ನಡುಗೆರೆಯಿಂದ 66 ಮಿ.ಮೀ. ದೂರದಲ್ಲಿ ಓಡುತ್ತಿದ್ದರೆ, ಚೈನಿನ ಅರ್ಧ ಅಗಲವನ್ನು ಕಳೆದ ಮೇಲೆ ಟೈರಿಗೂ ಚೈನಿಗೂ ನಡುವೆ ಉಳಿಯುವ ಜಾಗ 13 ಮಿ.ಮೀ. ಚಿಲ್ಲರೆ ಮಾತ್ರ. ಹೊದಿಕೆಯ ಒಳಗೋಡೆ ಈ ಜಾಗದಲ್ಲೇ ಕೂರಬೇಕು. ಟೈರಿನಲ್ಲಿ ಗಾಳಿ ಕಡಿಮೆ ಮಾಡಿ ಮೆತ್ತನೆಯ ಹಿಮದಲ್ಲಿ ತುಳಿಯುವಾಗ ಟೈರು ಬದಿಗೆ ಉಬ್ಬುತ್ತದೆ, ಹೊದಿಕೆಯೂ ಸ್ವಲ್ಪ ಓಲಾಡುತ್ತದೆ. ಎರಡೂ ಒಂದಕ್ಕೊಂದು ತಾಗಿದರೆ ತಿಂಗಳೊಳಗೆ ಹೊದಿಕೆಗೆ ತೂತು ಬೀಳುತ್ತದೆ. ಆದ್ದರಿಂದ ಹಣ ಕೊಡುವ ಮೊದಲು, ಹೊದಿಕೆಯ ಗೋಡೆಯಷ್ಟು ದಪ್ಪದ ರಟ್ಟಿನ ತುಂಡೊಂದನ್ನು ಚೈನಿನ ಒಳಬದಿಗೆ ಅಂಟಿಸಿ, ಗಾಳಿ ಇಳಿಸಿದ ಟೈರಿನಲ್ಲಿ ಒಂದು ಸುತ್ತು ಹೋಗಿ ಬಂದು, ರಟ್ಟು ಉಜ್ಜಿದೆಯೇ ಎಂದು ನೋಡಿ.

ಇನ್ನು ಬಾಳಿಕೆಯ ಮಾತು. ನನ್ನ ಮೊದಲ ಹೊದಿಕೆ ಸತ್ತದ್ದು ಜನವರಿಯ ಒಂದು ಬೆಳಿಗ್ಗೆ, ಮೈನಸ್ 27 ಡಿಗ್ರಿಯಲ್ಲಿ. ಕೆಳಗಿನ ಅಂಚಿನಲ್ಲಿ ಹಿಂದಿನ ದಿನದ ಮಂಜು ಗಡ್ಡೆ ಕಟ್ಟಿತ್ತು, ಅದನ್ನು ಉದುರಿಸಲೆಂದು ಬೂಟಿನ ತುದಿಯಿಂದ ಮೆಲ್ಲಗೆ ತಟ್ಟಿದೆ. ಗಡ್ಡೆ ಹಾಗೇ ಇತ್ತು. ಹೊದಿಕೆ ಮಾತ್ರ ಹಪ್ಪಳದ ಹಾಗೆ ಮುರಿದು ಮೂರು ತುಂಡಾಗಿ ಹಿಮದ ಮೇಲೆ ಬಿದ್ದಿತ್ತು. ಅಗ್ಗದ ಹೊದಿಕೆಗಳಿಗೆ ಬಳಸುವ ಸಾದಾ ಪಾಲಿಪ್ರೊಪಿಲೀನ್ ಸೊನ್ನೆ ಡಿಗ್ರಿಯ ಆಸುಪಾಸಿನಿಂದಲೇ ಪೆಡಸಾಗತೊಡಗುತ್ತದೆ, ಚಳಿ ಹೆಚ್ಚಿದಂತೆ ಪೆಟ್ಟು ತಾಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅದಕ್ಕೆ ರಬ್ಬರಿನಂಥ ವಸ್ತುವನ್ನು ಬೆರೆಸಿ ಮಾಡಿದ ಬಗೆಗಳು ಬಹಳ ಮೇಲು. ಪಾಲಿಕಾರ್ಬನೇಟ್ ಚಳಿಗೆ ಬಗ್ಗುವುದಿಲ್ಲವಾದರೂ, ಚೈನು ತೊಳೆಯುವ ದ್ರಾವಣಗಳು ತಾಗಿದರೆ ಅದರಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಹೊದಿಕೆ ಎಷ್ಟು ದಪ್ಪವಿದೆ ಎಂದು ಬೆರಳಿನಲ್ಲಿ ಒತ್ತಿ ನೋಡುವುದಕ್ಕಿಂತ, ಯಾವ ಪ್ಲಾಸ್ಟಿಕ್‌ನಿಂದ ಮಾಡಿದ್ದೆಂದು ಕೇಳುವುದೇ ಮುಖ್ಯ.

ಲೆಕ್ಕವನ್ನು ನೋಡೋಣ. ಈಗ ನಿಮಗೆ ಒಂದು ಚಳಿಗಾಲಕ್ಕೆ 55 ಡಾಲರ್ ಖರ್ಚು ಬರುತ್ತಿದೆ. ಹೊದಿಕೆ ಹಾಕಿದ ಮೇಲೆ ಚೈನು ಒಂದೇ ಸಾಕಾಗಿ, ಹಿಂದಿನ ಹಲ್ಲುಚಕ್ರ ಎರಡು ಚಳಿಗಾಲ ಬಂದರೆ ಆ ಖರ್ಚು 27 ಡಾಲರ್ 50 ಸೆಂಟಿಗೆ ಇಳಿಯುತ್ತದೆ, ಅಂದರೆ ಉಳಿತಾಯವೂ ಅಷ್ಟೇ. 65 ಡಾಲರ್ ಮರಳಿ ಬರಲು ಎರಡೂವರೆ ಚಳಿಗಾಲ ಬೇಕು. ಹೊದಿಕೆ ಮೂರನೆಯ ಮಾರ್ಚ್ ಕಂಡರೆ ನಿಮಗೆ ಲಾಭ, ಎರಡನೆಯದರಲ್ಲೇ ಒಡೆದರೆ ನಷ್ಟ. ನನ್ನ ಎರಡನೆಯ ಹೊದಿಕೆ ನಾಲ್ಕು ಚಳಿಗಾಲ ಬಾಳಿತು. ಅದು ಬಾಳಿದ್ದಕ್ಕೆ ಕಾರಣ, ನಾನು ತಿಂಗಳಿಗೊಮ್ಮೆ ಅದನ್ನು ಬಿಚ್ಚಿ, ಒಳಗೆ ಸೇರಿದ ಕಪ್ಪು ಕೆಸರನ್ನು ಬಿಸಿನೀರಿನಲ್ಲಿ ತೊಳೆದು, ಚೈನಿಗೆ ಎಣ್ಣೆ ಬಿಟ್ಟು ಮತ್ತೆ ಕೂರಿಸುತ್ತಿದ್ದೆ. ಮುಚ್ಚಿದೆಯಲ್ಲ ಎಂದು ಮಾರ್ಚ್‌ವರೆಗೆ ಒಳಗೆ ನೋಡದವರ ಚೈನು, ಹೊದಿಕೆಯೇ ಇಲ್ಲದ ಚೈನಿಗಿಂತ ಬೇಗ ತುಕ್ಕು ಹಿಡಿದದ್ದನ್ನೂ ಕಂಡಿದ್ದೇನೆ, ಏಕೆಂದರೆ ಒಮ್ಮೆ ಒಳಹೊಕ್ಕ ಉಪ್ಪುನೀರಿಗೆ ಹೊರಗೆ ಹೋಗಲು ದಾರಿಯಿರುವುದಿಲ್ಲ. ಹೊದಿಕೆಯ ತೀರ ತಗ್ಗಿನ ಜಾಗದಲ್ಲಿ 5 ಮಿ.ಮೀ.ನ ಒಂದು ತೂತಾದರೂ ಇರಬೇಕು. ಇಲ್ಲದಿದ್ದರೆ ನೀವೇ ಕೊರೆಯಿರಿ.

ಚೈನು ಸವೆದಿದೆಯೋ ಇಲ್ಲವೋ ಎಂಬುದನ್ನು ತುಕ್ಕು ನೋಡಿ ತೀರ್ಮಾನಿಸಬೇಡಿ. ಹೊಸ ಚೈನಿನ ಪಿನ್ನಿನಿಂದ ಪಿನ್ನಿಗೆ 12.7 ಮಿ.ಮೀ., ಅಂದರೆ ಅರ್ಧ ಇಂಚು. ಹೀಗೆ 24 ಅಂತರಗಳು ಸರಿಯಾಗಿ 12 ಇಂಚು ಆಗಬೇಕು. ಸ್ಟೀಲಿನ ಅಡಿಪಟ್ಟಿ ಹಿಡಿದು ಅಳೆದಾಗ ಇಂಚಿನ ಎಂಟನೇ ಒಂದು ಭಾಗದಷ್ಟು ಹೆಚ್ಚಿದ್ದರೆ ನಿಮ್ಮಂಥ ಹಬ್-ಗೇರಿನ ಸೈಕಲ್ಲಿನಲ್ಲಿ ಚೈನು ಬದಲಿಸುವ ಕಾಲ ಬಂದಿದೆ. ಮೇಲೆ ಕೆಂಪಗಿದ್ದು ಅಳತೆಯಲ್ಲಿ ಸರಿಯಿರುವ ಚೈನನ್ನು ಎಸೆದವರು ಬಹಳ ಮಂದಿ.

ಪ್ರಶ್ನೆ: ಕೆನಡಾದ ಎಡ್ಮಂಟನ್‌ನಲ್ಲಿ ನದಿಕಣಿವೆಯ ಹಾದಿಗಳಲ್ಲಿ ಫ್ಯಾಟ್ ಬೈಕ್, ಅಂದರೆ ದಪ್ಪ ಟೈರಿನ ಸೈಕಲ್, ಓಡಿಸುತ್ತೇನೆ. ಒಂದೇ ಗೇರು, ಮುಂದೆ 30 ಹಲ್ಲು, ಟೈರು 4.8 ಇಂಚು. ಯಾವ ಸಿದ್ಧ ಹೊದಿಕೆಯೂ ಕೂರುತ್ತಿಲ್ಲ. ಮನೆಯಲ್ಲೇ ಮಾಡಿಕೊಳ್ಳಬಹುದೇ?

ಉತ್ತರ: ಮಾಡಿಕೊಳ್ಳಬಹುದು, ಮತ್ತು ಚೆನ್ನಾಗಿಯೇ ಮಾಡಿಕೊಳ್ಳಬಹುದು. ಸಿದ್ಧ ಹೊದಿಕೆಗಳು ಹುಟ್ಟಿದ್ದು ಊರೊಳಗೆ ಓಡಾಡುವ ಸಾದಾ ಸೈಕಲ್ಲಿಗೆ. ಅದರ ಪೆಡಲಿನ ಅಚ್ಚು ಕೂರುವ ಕೊಳವೆ 68 ಮಿ.ಮೀ. ಅಗಲವಿದ್ದರೆ, ಫ್ಯಾಟ್ ಬೈಕಿನದು ಸಾಮಾನ್ಯವಾಗಿ 100 ಮಿ.ಮೀ. ಮುಂದಿನ ಹಲ್ಲುಚಕ್ರವೂ ಚಿಕ್ಕದು. 2005ರಲ್ಲಿ ಮಿನೆಸೋಟದ ಸರ್ಲಿ ಕಂಪನಿ ಪಗ್ಸ್ಲಿ ಎಂಬ ಫ್ಯಾಟ್ ಬೈಕನ್ನು ತಂದಂದಿನಿಂದ ಈ ಜಾತಿಯ ಸೈಕಲ್ಲುಗಳು ಅಂಗಡಿಯಲ್ಲಿ ಸುಲಭವಾಗಿ ಸಿಗತೊಡಗಿದರೂ, ಅವುಗಳ ಚೈನಿಗೆ ಹೊಂದುವ ಪೂರ್ಣ ಹೊದಿಕೆ ಇನ್ನೂ ಕೈಕಸುಬಿನ ಮಟ್ಟದಲ್ಲೇ ಉಳಿದಿದೆ.

ಸಾಮಗ್ರಿಗೆ ಬೇರೆಲ್ಲೂ ಹೋಗಬೇಡಿ. ತರಕಾರಿ ಹೆಚ್ಚುವ ಬಿಳಿಯ ಪ್ಲಾಸ್ಟಿಕ್ ಹಲಗೆಗಳಲ್ಲಿ ತೆಳ್ಳಗಿನದನ್ನು ಕೊಳ್ಳಿ. ಹೆಚ್ಚಿನವು ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್‌ನಿಂದ ಮಾಡಿದವು, ಹಿಂಬದಿಯ ತ್ರಿಕೋನದ ಗುರುತಿನೊಳಗೆ 2 ಎಂಬ ಅಂಕಿ ಇದ್ದರೆ ಅದೇ. ಈ ಪ್ಲಾಸ್ಟಿಕ್ ಮೈನಸ್ 40ರಲ್ಲೂ ಪೆಡಸಾಗದೆ ಬಾಗುತ್ತದೆ, ಮಂಜುಗಡ್ಡೆ ಅದಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ, ಬೆಲೆ ಹತ್ತಿಪ್ಪತ್ತು ಡಾಲರಿನೊಳಗೆ. ಅದಕ್ಕಿರುವ ಒಂದೇ ತೊಂದರೆಯೆಂದರೆ ಸಾಮಾನ್ಯ ಅಂಟು ಯಾವುದೂ ಹಿಡಿಯುವುದಿಲ್ಲ. ಎಲ್ಲ ಜೋಡಣೆಯನ್ನೂ ಬೋಲ್ಟಿನಿಂದಲೇ ಮಾಡಬೇಕು.

4.8 ಇಂಚಿನ ಟೈರಿರುವಾಗ ಚೈನಿನ ಒಳಬದಿಯನ್ನು ಮುಚ್ಚುವ ಆಸೆ ಬಿಡಿ. ಅಲ್ಲಿ ಜಾಗವಿಲ್ಲ. ಹೊರಬದಿ ಮತ್ತು ಮೇಲ್ಭಾಗ ಮುಚ್ಚುವ, ತಲೆಕೆಳಗಾದ ಇಂಗ್ಲಿಷಿನ ಎಲ್ ಅಕ್ಷರದಂಥ ಪಟ್ಟಿ ಸಾಕು. 3 ಮಿ.ಮೀ. ಹಾಳೆಯನ್ನು ಬಿಸಿಗಾಳಿಯ ಗನ್ನಿನಿಂದ ಮೆತ್ತಗಾಗುವವರೆಗೆ ಕಾಯಿಸಿ, ಮರದ ಅಂಚಿನ ಮೇಲೆ ಒತ್ತಿ ಹಿಡಿದು ಆರಲು ಬಿಟ್ಟರೆ ಬಾಗು ನಿಲ್ಲುತ್ತದೆ. ಅವಸರ ಮಾಡಿದರೆ ಪ್ಲಾಸ್ಟಿಕ್ ತನ್ನ ಹಳೆಯ ಆಕಾರಕ್ಕೆ ವಾಪಸಾಗುತ್ತದೆ, ಎರಡು ಮೂರು ನಿಮಿಷ ಕೈ ಬಿಡಬೇಡಿ. ಫ್ರೇಮಿಗೆ ಹಿಡಿಸಲು ರಬ್ಬರು ಒಳಪದರವಿರುವ ಲೋಹದ ಕ್ಲಿಪ್ಪುಗಳನ್ನೂ ಸ್ಟೇನ್‌ಲೆಸ್ ಬೋಲ್ಟುಗಳನ್ನೂ ಬಳಸಿ. ನೈಲಾನ್ ಕಟ್ಟುಪಟ್ಟಿಗಳನ್ನು ಮಾತ್ರ ನಂಬಬೇಡಿ. ನೈಲಾನಿಗೆ ಬಾಗುವ ಗುಣ ಬರುವುದು ಅದು ಗಾಳಿಯಿಂದ ಹೀರಿಕೊಂಡ ತೇವದಿಂದ. ನಿಮ್ಮೂರಿನ ಚಳಿಗಾಲದ ಒಣ ಗಾಳಿಯಲ್ಲಿ ಆ ತೇವ ಹೋಗಿ, ಮೇಲೆ ಕೊರೆಯುವ ಚಳಿಯೂ ಸೇರಿದಾಗ ಕಟ್ಟುಪಟ್ಟಿ ಕಡ್ಡಿಯಂತೆ ಪಟ್ಟನೆ ಮುರಿಯುತ್ತದೆ, ಅದೂ ಮನೆಯಿಂದ ದೂರದಲ್ಲಿರುವಾಗಲೇ.

ಡಚ್ಚರ ಸೈಕಲ್ಲುಗಳಲ್ಲಿ ಚೌಕಟ್ಟಿಗೆ ಎಳೆದು ಕಟ್ಟಿದ ರೆಕ್ಸಿನ್ ಬಟ್ಟೆಯಂಥ ಹೊದಿಕೆಯನ್ನು ನೋಡಿ ಅದನ್ನೇ ಹೊಲಿಸೋಣವೇ ಎಂದೂ ನೀವು ಬರೆದಿದ್ದೀರಿ. ನೆದರ್‌ಲ್ಯಾಂಡ್ಸಿನ ಮಳೆಗೆ ಅದು ಬಹಳ ಒಳ್ಳೆಯದು. ಎಡ್ಮಂಟನ್ನಿನ ಚಳಿಗೆ ಅದರ ವಿನೈಲ್ ಪದರ ಗಟ್ಟಿಯಾಗಿ ಮಡಿಕೆಗಳಲ್ಲಿ ಸೀಳುತ್ತದೆ.

ಪ್ರಶ್ನೆ: ಫಿನ್‌ಲ್ಯಾಂಡಿನ ಔಲುವಿನಲ್ಲಿ ಓದುತ್ತಿದ್ದೇನೆ. ನನ್ನದು ಹಿಂದೆ ಹನ್ನೊಂದು ಗೇರಿರುವ, ಡಿರೇಲರ್ ಸೈಕಲ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸಿ ಗೇರು ಬದಲಿಸುವಂಥದ್ದು. ಮೈನಸ್ 20ರಲ್ಲಿ ಹಲ್ಲುಗಳ ನಡುವೆ ಹಿಮ ತುಂಬಿ ಚೈನು ಜಿಗಿಯುತ್ತದೆ. ಕೆಲವು ದಿನ ಪೆಡಲ್ ಸುಮ್ಮನೆ ತಿರುಗುತ್ತದೆ, ಚಕ್ರ ಕದಲುವುದಿಲ್ಲ. ಇದಕ್ಕೆ ಹೊದಿಕೆಯಿದೆಯೇ?

ಉತ್ತರ: ನಿಮ್ಮ ಸೈಕಲ್ಲಿಗೆ ಹೊದಿಕೆ ಬೇಡ. ಡಿರೇಲರ್ ಇರುವಲ್ಲಿ ಚೈನು ಅಗಲಕ್ಕೆ ಸರಿಯುತ್ತದೆ, ಉದ್ದದಲ್ಲೂ ಸಡಿಲ-ಬಿಗಿ ಆಗುತ್ತಿರುತ್ತದೆ. ಅದನ್ನೆಲ್ಲ ಒಳಗೊಳ್ಳುವ ಹೊದಿಕೆ ಮಾಡಿದರೆ ಅದೊಂದು ಪೆಟ್ಟಿಗೆಯೇ ಆಗುತ್ತದೆ, ಪೆಟ್ಟಿಗೆಯೊಳಗೆ ಹಿಮ ಇನ್ನೂ ಚೆನ್ನಾಗಿ ತುಂಬುತ್ತದೆ. ಮೇಲಾಗಿ ನೀವಿರುವ ಊರು ಮಿನಿಯಾಪೊಲಿಸ್ ಅಲ್ಲ. ಮೊದಲ ಚಳಿಗಾಲದ ಸೈಕಲ್ ಸಮ್ಮೇಳನ 2013ರಲ್ಲಿ ನಿಮ್ಮ ಊರಿನಲ್ಲೇ ನಡೆಯಿತು. ಅಲ್ಲಿ ಸೈಕಲ್ ಹಾದಿಗಳಿಗೆ ಉಪ್ಪು ಸುರಿಯುವುದಕ್ಕಿಂತ ಹೆಚ್ಚಾಗಿ ಹಿಮವನ್ನು ಹೆರೆದು, ಒತ್ತಿ, ಗಟ್ಟಿಮಾಡಿ, ಮೇಲೆ ಜಲ್ಲಿಪುಡಿ ಹಾಕುವ ಪದ್ಧತಿ. ಉಪ್ಪಿಲ್ಲದ ಒಣ ಹಿಮ ಚೈನಿಗೆ ದೊಡ್ಡ ಶತ್ರುವಲ್ಲ.

ನೀವು ಹೇಳಿದ್ದು ಎರಡು ಬೇರೆ ಬೇರೆ ತೊಂದರೆಗಳು. ಮೊದಲನೆಯದು ಹಲ್ಲುಗಳ ನಡುವಿನ ಹಿಮ. ಸೈಕಲನ್ನು ಬೆಚ್ಚಗಿನ ಕೋಣೆಯಲ್ಲಿ ಇಡುತ್ತೀರಿ ಎಂದು ಊಹಿಸುತ್ತೇನೆ. ರಾತ್ರಿ ಹಿಮ ಕರಗಿ ನೀರಾಗುತ್ತದೆ, ಬೆಳಿಗ್ಗೆ ಹೊರಗೆ ತಂದ ಐದು ನಿಮಿಷದಲ್ಲಿ ಆ ನೀರು ಡಿರೇಲರಿನ ಎರಡು ಪುಟ್ಟ ಹಲ್ಲುಚಕ್ರಗಳ ಮೇಲೂ, ಗೇರಿನ ಕೇಬಲ್ಲಿನ ಒಳಗೂ ಗಡ್ಡೆಯಾಗುತ್ತದೆ, ಹೊಸ ಹಿಮ ಆ ಗಡ್ಡೆಯನ್ನು ಹಿಡಿದು ಬೆಳೆಯುತ್ತದೆ. ಬಿಸಿಲುಮಚ್ಚಿನಲ್ಲಿ ಇಲ್ಲವೇ ಕಾಯಿಸದ ಶೆಡ್ಡಿನಲ್ಲಿ ಸೈಕಲನ್ನು ತಣ್ಣಗೇ ಇಟ್ಟರೆ ಹಿಮ ಪುಡಿಯಾಗಿಯೇ ಉಳಿದು ಬ್ರಷ್ಷಿಗೆ ಉದುರುತ್ತದೆ. ಹಿಂದಿನ ಚಕ್ರದ ಮಡ್‌ಗಾರ್ಡಿಗೆ ಮಾಡುವ ಖರ್ಚು, ಮುಂದಿನ ಮಡ್‌ಗಾರ್ಡಿನ ತುದಿಗೆ ನೆಲದವರೆಗೆ ಇಳಿಬಿಟ್ಟ ಒಂದು ರಬ್ಬರು ನಾಲಿಗೆಗೆ ಮಾಡುವ ಖರ್ಚಿನ ಮುಂದೆ ವ್ಯರ್ಥವೆಂದೇ ನನ್ನ ಅನುಭವ, ಏಕೆಂದರೆ ಚೈನಿನ ಮೇಲೆ ಬೀಳುವ ಹಿಮದಲ್ಲಿ ಬಹುಪಾಲು ಮುಂದಿನ ಚಕ್ರ ಎರಚಿದ್ದು. ಹಳೆಯ ಟ್ಯೂಬಿನ ತುಂಡಾದರೂ ಆಗುತ್ತದೆ, ಅದಕ್ಕೆ ಕಾಸೂ ಬೇಡ.

ಪೆಡಲ್ ಸುಮ್ಮನೆ ತಿರುಗುವುದು ಹೆಚ್ಚು ಗಂಭೀರವಾದ ವಿಷಯ. ಹಿಂದಿನ ಹಬ್ಬಿನ ಫ್ರೀವೀಲಿನೊಳಗೆ ಸ್ಪ್ರಿಂಗಿನ ಬಲದಿಂದ ಮೇಲೇಳುವ ಪುಟ್ಟ ಕೊಕ್ಕೆಗಳಿವೆ. ನಾವು ಪೆಡಲ್ ನಿಲ್ಲಿಸಿದಾಗ ಕಟಕಟ ಸದ್ದು ಮಾಡುವುದು ಅವೇ. ಬೇಸಿಗೆಗೆಂದು ಹಾಕಿದ ದಪ್ಪ ಗ್ರೀಸು ಮೈನಸ್ 20ರಲ್ಲಿ ಮೇಣದಂತಾಗಿ ಕೊಕ್ಕೆಗಳನ್ನು ಮಲಗಿದಲ್ಲೇ ಹಿಡಿದುಕೊಳ್ಳುತ್ತದೆ, ಹಲ್ಲಿಗೆ ಕಚ್ಚಲು ಬಿಡುವುದಿಲ್ಲ. ಫ್ರೀವೀಲ್ ಬಿಚ್ಚಿಸಿ, ಗ್ರೀಸನ್ನು ಪೂರ್ತಿ ತೊಳೆಸಿ, ಚಳಿಗೆ ತೆಳ್ಳಗೇ ಉಳಿಯುವ ಎಣ್ಣೆಯನ್ನು ಕೆಲವೇ ಹನಿ ಹಾಕಿಸಿ. ಒಂದು ಗಂಟೆಯ ಕೆಲಸ, ಅಂಗಡಿಯವರೂ ಹೆಚ್ಚು ಹಣ ಕೇಳುವುದಿಲ್ಲ. ಮಿನೆಸೋಟದ ಇಂಟರ್‌ನ್ಯಾಷನಲ್ ಫಾಲ್ಸ್‌ನಿಂದ ಟವರ್‌ವರೆಗೆ 135 ಮೈಲಿ ನಡೆಯುವ ಆ್ಯರೋಹೆಡ್ ಸ್ಪರ್ಧೆಯಲ್ಲಿ ಮೈನಸ್ 30ರ ರಾತ್ರಿಗಳು ಅಪರೂಪವಲ್ಲ. ಅಂಥ ಚಳಿಗೆ ಹೊರಡುವವರು ಮೊದಲು ನೋಡಿಕೊಳ್ಳುವುದು ಹಬ್ಬಿನೊಳಗಿನ ಈ ಗ್ರೀಸನ್ನೇ, ಚೈನಿನ ಹೊದಿಕೆಯನ್ನಲ್ಲ.

ನಿಮಗೆ ನಿಜವಾದ ಸವೆತ ಬರುವುದು ಏಪ್ರಿಲಿನಲ್ಲಿ, ಹಿಮ ಕರಗಿ ಚಳಿಗಾಲವಿಡೀ ಹಾಕಿದ ಜಲ್ಲಿಪುಡಿ ಮೇಲೆ ಬಂದಾಗ. ಎಣ್ಣೆಯ ಜೊತೆ ಸೇರಿದ ಆ ಪುಡಿ ಚೈನಿನ ಪಿನ್ನುಗಳನ್ನು ಅರದಂತೆ ಉಜ್ಜುತ್ತದೆ. ಹನ್ನೊಂದು ಗೇರಿನ ತೆಳುಚೈನನ್ನು 12 ಇಂಚಿಗೆ ಇಂಚಿನ ಹದಿನಾರನೇ ಒಂದು ಭಾಗ ಹಿಗ್ಗಿದಾಗಲೇ ಬದಲಿಸಿಬಿಡಿ. ಇನ್ನೊಂದು ತಿಂಗಳು ಓಡಲಿ ಎಂದು ಬಿಟ್ಟರೆ ಹಿಂದಿನ ಹಲ್ಲುಚಕ್ರಗಳ ಗೊಂಚಲೂ ಹೋಗುತ್ತದೆ, ಅದರ ಬೆಲೆ ಚೈನಿನ ಎರಡು ಮೂರು ಪಟ್ಟು.

ಪ್ರಶ್ನೆ: ಟೊರಾಂಟೊದಲ್ಲಿ ಹೊಸ ಚಳಿಗಾಲದ ಸೈಕಲ್ ಕೊಳ್ಳಬೇಕೆಂದಿದ್ದೇನೆ. ಚೈನು, ಹೊದಿಕೆ ಎರಡೂ ಬೇಡ, ಬೆಲ್ಟ್ ಇರುವುದನ್ನೇ ಕೊಳ್ಳಿ ಎಂದು ಗೆಳೆಯರು ಹೇಳುತ್ತಾರೆ. ಬೆಲೆ ಹೆಚ್ಚಲ್ಲವೇ?

ಉತ್ತರ: ಹೆಚ್ಚು, ಆದರೆ ಹೊಸ ಸೈಕಲನ್ನೇ ಕೊಳ್ಳುವವರಿಗೆ ನಾನೂ ಬೆಲ್ಟನ್ನೇ ಹೇಳುತ್ತೇನೆ. ಗೇಟ್ಸ್ ಕಂಪನಿಯ ಕಾರ್ಬನ್ ನೂಲಿನ ಬೆಲ್ಟಿಗೆ ತುಕ್ಕಿಲ್ಲ, ಎಣ್ಣೆ ಬೇಡ, ಆದ್ದರಿಂದ ಉಪ್ಪಿನಿಂದ ಕಾಪಾಡುವ ಹೊದಿಕೆಯೂ ಬೇಡ. ಅದರ ಹಲ್ಲಿನ ಅಂತರ 11 ಮಿ.ಮೀ. ನಡುವೆ ಒಂದು ತೋಡಿದ್ದು, ಹಲ್ಲುಚಕ್ರದ ನಡುವಿನ ಏಣು ಅದರೊಳಗೆ ಕೂರುವಂಥ ಬಗೆ ಹಿಮಕ್ಕೆ ಸೂಕ್ತ, ಏಕೆಂದರೆ ಅದರ ಚಕ್ರಕ್ಕೆ ಬದಿಗೋಡೆಗಳಿಲ್ಲ, ಒಳಗೆ ಬಿದ್ದ ಹಿಮ ಬದಿಯಿಂದ ಹೊರಗೆ ಹೋಗುತ್ತದೆ. ಹಿಂದಿನ ಹಲ್ಲುಚಕ್ರ ಸ್ಟೇನ್‌ಲೆಸ್ ಉಕ್ಕಿನದೇ ಆಗಿರಲಿ.

ಬೆಲೆಯ ವಿಷಯದಲ್ಲಿ ಮೂರು ಸಂಗತಿಗಳನ್ನು ಕೂಡಿಸಿ ನೋಡಬೇಕು. ಬೆಲ್ಟನ್ನು ಚೈನಿನಂತೆ ಬಿಚ್ಚಿ ಜೋಡಿಸಲಾಗುವುದಿಲ್ಲವಾದ್ದರಿಂದ ಫ್ರೇಮಿನ ಹಿಂಭಾಗದಲ್ಲಿ ಬಿಚ್ಚುವ ಕೀಲು ಇರಲೇಬೇಕು, ಹಳೆಯ ಸೈಕಲ್ಲಿಗೆ ಅದನ್ನು ಆಮೇಲೆ ಸೇರಿಸುವುದು ದುಬಾರಿ. ಡಿರೇಲರ್ ಜೊತೆ ಬೆಲ್ಟು ಓಡುವುದಿಲ್ಲವಾದ್ದರಿಂದ ಹಬ್-ಗೇರಿಗೂ ಹಣ ಬೇಕು. ಹದಿನಾಲ್ಕು ಗೇರಿನ ರೋಲಾಫ್ ಹಬ್ಬನ್ನು ಆರಿಸಿದರೆ ಅದೊಂದರ ಬೆಲೆಗೇ ಸಾಧಾರಣ ಸೈಕಲ್ ಬರುತ್ತದೆ, ಅದಕ್ಕೆ 5,000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವ ಕೆಲಸವೂ ಉಂಟು. ಕೊನೆಯದಾಗಿ ಬೆಲ್ಟಿನ ಬೆಲೆಯೇ ಚೈನಿನ ಮೂರು ನಾಲ್ಕು ಪಟ್ಟು. ಆದರೂ ಉಪ್ಪಿನ ರಸ್ತೆಯಲ್ಲಿ ಚೈನು ಒಂದು ಚಳಿಗಾಲವನ್ನೂ ದಾಟದಿರುವಾಗ ಬೆಲ್ಟು ಹಲವು ಚಳಿಗಾಲ ಬರುತ್ತದೆ, ಮತ್ತು ಭಾನುವಾರದ ಬೆಳಿಗ್ಗೆ ಗ್ಯಾರೇಜಿನಲ್ಲಿ ಮರಗಟ್ಟಿದ ಬೆರಳುಗಳಿಂದ ಚೈನು ಒರೆಸುವ ಕೆಲಸ ತಪ್ಪುತ್ತದೆ. ಬೆಲ್ಟನ್ನು ಎಂದೂ ಮಡಿಸಬೇಡಿ, ತಿರುಚಬೇಡಿ. ಒಮ್ಮೆ ಮಡಿಕೆ ಬಿದ್ದರೆ ಒಳಗಿನ ಕಾರ್ಬನ್ ಎಳೆ ಮುರಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ, ಮುಂದೊಂದು ದಿನ ಏರಿನಲ್ಲಿ ತುಂಡಾಗುತ್ತದೆ.

ಪ್ರಶ್ನೆ: ಮೈಸೂರಿನವನು ನಾನು, ಮನೆಯಲ್ಲಿ ತಂದೆಯ ಕಾಲದ ಯೆಜ್ಡಿ ಇದೆ. ಅದರ ಚೈನು ಪೂರ್ತಿ ತಗಡಿನ ಕವಚದೊಳಗಿದೆ, ಇಷ್ಟು ವರ್ಷದಲ್ಲಿ ಚೈನು ಬದಲಿಸಿದ್ದೇ ಕಡಿಮೆ. ಅಮೆರಿಕದಲ್ಲಿರುವ ನನ್ನ ತಮ್ಮ ಮೋಟಾರ್ ಬೈಕಿನ ಹಿಂದಿನ ಚಕ್ರ ತೆಗೆದು ಅದರ ಜಾಗದಲ್ಲಿ ತಿರುಗುವ ರಬ್ಬರು ಪಟ್ಟಾ, ಮುಂದೆ ಹಿಮಹಲಗೆ ಹಾಕಿದ ಹಿಮದ ಬೈಕ್ ಕೊಂಡಿದ್ದಾನೆ. ಅದಕ್ಕೂ ಇಂಥ ಕವಚ ಮಾಡಿಸಬಾರದೇಕೆ?

ಉತ್ತರ: ಯೆಜ್ಡಿಯ ಕವಚವನ್ನು ನೆನಪಿಸಿದ್ದಕ್ಕೆ ಧನ್ಯವಾದ. 1961ರಿಂದ 1996ರವರೆಗೆ ನಿಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳಲ್ಲಿ ಹಿಂದಿನ ಚೈನನ್ನು ಹೀಗೆ ಮುಚ್ಚಿದ್ದು ಜೆಕ್ ಮೂಲದ ಜಾವಾದಿಂದ ಬಂದ ಕ್ರಮ. ಧೂಳು ಮತ್ತು ಮಳೆಯಿಂದ ಚೈನನ್ನು ಕಾಯಲು ಅದಕ್ಕಿಂತ ಒಳ್ಳೆಯ ಏರ್ಪಾಡು ಬೈಕುಗಳಲ್ಲಿ ಕಡಿಮೆ. ಅದಕ್ಕೂ ಬಹಳ ಹಿಂದೆ, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಸನ್‌ಬೀಮ್ ಸೈಕಲ್ಲುಗಳಲ್ಲಿ ಚೈನು ಪುಟ್ಟ ಎಣ್ಣೆತೊಟ್ಟಿಯಿರುವ ಮುಚ್ಚಿದ ಕವಚದೊಳಗೆ ಓಡುತ್ತಿತ್ತು. ಅಂಥ ಸೈಕಲ್ಲುಗಳು ಹಲವು ದಶಕ ಬಾಳಿದ್ದಕ್ಕೆ ಆ ಕವಚವೂ ಒಂದು ಕಾರಣ.

ನಿಮ್ಮ ತಮ್ಮನ ಬೈಕಿನ ಪರಿಸ್ಥಿತಿ ಬೇರೆ. ಐಡಹೊ ರಾಜ್ಯದ ಸ್ಯಾಂಡ್‌ಪಾಯಿಂಟ್‌ನಲ್ಲಿ ಹುಟ್ಟಿ 2015ರಲ್ಲಿ ಪೊಲಾರಿಸ್ ಕಂಪನಿಯ ಕೈಗೆ ಹೋದ ಟಿಂಬರ್‌ಸ್ಲೆಡ್‌ನಂಥ ಪಟ್ಟಾ ಜೋಡಣೆಗಳಲ್ಲಿ ಎಂಜಿನ್ನಿನ ಚೈನು ನೇರವಾಗಿ ಪಟ್ಟಾವನ್ನು ತಿರುಗಿಸುವುದಿಲ್ಲ, ನಡುವೆ ಒಂದು ಅಡ್ಡ ಅಚ್ಚಿದ್ದು ಅಲ್ಲಿಂದ ಮುಂದಕ್ಕೆ ಬಲ ಸಾಗುತ್ತದೆ. ಬೈಕು ಮೊಣಕಾಲುದ್ದದ ಹಿಮದೊಳಗೆ ಈಜಿದಂತೆ ಸಾಗುವುದರಿಂದ ತಗಡಿನ ಕವಚದ ಯಾವ ಸಂದಿನಿಂದಲಾದರೂ ಹಿಮ ಒಳಗೆ ನುಗ್ಗುತ್ತದೆ, ಎಂಜಿನ್ನಿನ ಬಿಸಿಗೆ ಕರಗುತ್ತದೆ, ನಿಂತಾಗ ಗಡ್ಡೆಯಾಗಿ ಚೈನನ್ನು ಕವಚಕ್ಕೇ ಬೆಸೆಯುತ್ತದೆ. ಮರುದಿನ ಬಲವಂತವಾಗಿ ಎಂಜಿನ್ನಿಗೆ ಗೇರು ಹಾಕಿದರೆ ಚೈನು ಕಡಿಯುತ್ತದೆ, ಇಲ್ಲವೇ ಕವಚ ಹರಿಯುತ್ತದೆ. ಆದ್ದರಿಂದ ಅಲ್ಲಿ ಹೊರಬದಿ ಮುಚ್ಚಿ ಕೆಳಬದಿ ತೆರೆದಿರುವ ಅಲ್ಯೂಮಿನಿಯಂ ಅಥವಾ ಪಾಲಿಎಥಿಲೀನ್ ಗಾರ್ಡ್ ಲೇಸು, ಮುರಿದರೂ ಅಗ್ಗದಲ್ಲಿ ಬದಲಿಸಬಹುದು.

ಆ ಬೈಕಿಗೆ ಹಣ ಹಾಕಿ ಮುಚ್ಚಬೇಕಾದ ಜಾಗ ಎಂಜಿನ್. ಸದಾ ಎರಚುವ ಹಿಮದಿಂದ ಎಂಜಿನ್ ತಣ್ಣಗಾಗಿ ಎಣ್ಣೆ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಉರಿಯುವಾಗ ಹುಟ್ಟಿದ ನೀರಾವಿ ಎಣ್ಣೆಯೊಳಗೇ ಉಳಿದು ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಎಂಜಿನ್ನಿನ ಸುತ್ತ ಕಟ್ಟುವ ಬಟ್ಟೆಯ ಇಲ್ಲವೇ ನಿಯೋಪ್ರೀನ್ ಹೊದಿಕೆ ಬಿಸಿಯನ್ನು ಒಳಗೆ ಹಿಡಿಯುತ್ತದೆ. ಸೈಲೆನ್ಸರ್ ಕೊಳವೆಗೆ ತಾಗಿದಲ್ಲಿ ನಿಯೋಪ್ರೀನ್ ಸುಡುವುದರಿಂದ ಆ ಭಾಗದಲ್ಲಿ ಶಾಖ ತಡೆಯುವ ಹೊಳಪಿನ ಬಟ್ಟೆ ಹೊಲಿದಿರುವುದನ್ನೇ ಕೊಳ್ಳಲು ನಿಮ್ಮ ತಮ್ಮನಿಗೆ ಹೇಳಿ. ಪ್ರತಿ ಸವಾರಿಯ ನಂತರ ಅದನ್ನು ಬಿಚ್ಚಿ ಒಣಗಿಸಬೇಕು, ಎಣ್ಣೆಯ ಕಿಟಕಿಯಲ್ಲಿ ಬಣ್ಣ ನೋಡಬೇಕು. ಹಾಲುಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಕಿಲೋಮೀಟರ್ ಎಷ್ಟಾಗಿದೆ ಎಂದು ಲೆಕ್ಕ ಹಾಕದೆ ಅಂದೇ ಎಣ್ಣೆ ಬದಲಿಸಲಿ.